ಸಹಿ ಇದ್ದ ಖಾಲಿ ಹಾಳೆಗಳು

ಫೋನ್ ಬಂದಾಗ ನಾನು ದಾವಣಗೆರೆ ಕೋರ್ಟಿನ ಕಾರಿಡಾರಿನಲ್ಲಿ ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಆರಿಹೋದ ಟೀ ಹಿಡಿದು ನಿಂತಿದ್ದೆ. ಗೊತ್ತಿಲ್ಲದ ನಂಬರು. ಗೊತ್ತಿಲ್ಲದ ಹೆಣ್ಣುದನಿ.

"ಮೇಡಂ, ಕೋರ್ಟಿಗೆ ಹಾಕಿದ ಕೇಸು ವಾಪಸ್ ತಗಳಾಕೆ ಬರ್ತೈತೇನ್ರಿ?"

"ಯಾವ ಕೇಸಮ್ಮಾ? ಯಾರು ನೀನು?" ನನ್ನ ದನಿ ಮೊದಲೇ ಒರಟು. ಕೋರ್ಟಿನಲ್ಲಿದ್ದಾಗ ಇನ್ನಷ್ಟು ಒರಟು.

"ಡೈವೋರ್ಸ್ ಕೇಸು ರೀ. ಕಡರನಾಯಕನಹಳ್ಳಿ. ನೀವೇ ನನ್ನ ವಕೀಲರು."

ನಾನು ಟೀ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಮೂರು ತಿಂಗಳ ಹಿಂದೆ ಆ ಹುಡುಗಿಗೂ ಅವಳ ಗಂಡನಿಗೂ ಸೇರಿಸಿ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿ ಬರೆದವಳು ನಾನು. ಅವಳ ಹೆಸರು, ವಯಸ್ಸು, ಮದುವೆಯಾದ ದಿನ, ಮಗು ಹುಟ್ಟಿದ ದಿನ ಎಲ್ಲ ನನ್ನ ಫೈಲಿನಲ್ಲಿತ್ತು. ದನಿ ಮಾತ್ರ ಗುರುತು ಸಿಗಲಿಲ್ಲ. ಎಷ್ಟು ನೆನಪಿಸಿಕೊಂಡರೂ ಅವಳು ನನ್ನೆದುರು ಒಂದು ಮಾತು ಆಡಿದ್ದು ನೆನಪಾಗಲಿಲ್ಲ. ಯಾಕೆಂದರೆ ಆಡಿರಲಿಲ್ಲ. ಒಂದೂ ಮಾತು ಕೇಳದೆ ಅವಳ ಪರವಾಗಿ ಕೋರ್ಟಿಗೆ ಅರ್ಜಿ ಹಾಕಿದ್ದೆ.

ಆ ದಿನ ವಿನೋಬನಗರದ ನನ್ನ ಆಫೀಸಿಗೆ ಆರು ಜನ ಬಂದಿದ್ದರು. ಕುರ್ಚಿ ಇದ್ದದ್ದು ನಾಲ್ಕು. ಗಂಡನ ಅಣ್ಣ ನನ್ನೆದುರಿನ ಕುರ್ಚಿಯಲ್ಲಿ ಕೂತ. ಅವನು ಗೊಬ್ಬರದ ಅಂಗಡಿಯವನು. ಹಿಂದೆ ಎರಡು ಮೂರು ಕೇಸು ತಂದುಕೊಟ್ಟಿದ್ದವನು. ಗಂಡ ಮೊಬೈಲು ನೋಡುತ್ತಿದ್ದ. ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಅವಳ ಪರವಾಗಿ ಮಾತಾಡಿದ್ದು ಸೋದರಮಾವ. ತಂದೆ ಇಲ್ಲದ ಹುಡುಗಿಯನ್ನು ಸಾಕಿ ಮದುವೆ ಮಾಡಿಕೊಟ್ಟವನು.

ನಮ್ಮ ಕಡೆ ಹೆಣ್ಣಿನ ಮಾತನ್ನು ಸೋದರಮಾವ ಆಡುವುದು ಹೊಸದಲ್ಲ. ನಿಶ್ಚಯದಲ್ಲಿ ಹತ್ತು ಜನರ ನಡುವೆ ಎದ್ದು ಒಪ್ಪಿಗೆ ಹೇಳುವವನು ಅವನೇ. ಹಾಗಾಗಿ "ಒಪ್ಪಿಗೆ ಐತೇನ್ರಿ?" ಎಂದು ನಾನು ಕೇಳಿದ್ದೂ ಅವನನ್ನೇ.

"ಐತ್ರಿ ಮೇಡಂ. ಎಲ್ಲಾ ಕುಂತು ಮಾತಾಡೀವಿ. ವರ್ಷದ ಮ್ಯಾಲಾತು ಬ್ಯಾರೆ ಬ್ಯಾರೆನೇ ಅದಾರೆ."

ಒಪ್ಪಿಗೆಯ ವಿಚ್ಛೇದನಕ್ಕೆ ಗಂಡ ಹೆಂಡತಿ ಒಂದು ವರ್ಷವಾದರೂ ಬೇರೆ ಇದ್ದಿರಬೇಕು. ಅವನ ಮಾತನ್ನೇ ನಾನು ಅರ್ಜಿಯಲ್ಲಿ ಬರೆದುಕೊಂಡೆ. ಮಗು ತಂದೆಯ ಬಳಿ ಇರತಕ್ಕದ್ದು ಎಂದೂ ಬರೆದೆ. "ಯಾರ ಒತ್ತಾಯ, ಬೆದರಿಕೆ ಇಲ್ಲದೆ ಸ್ವಇಚ್ಛೆಯಿಂದ" ಎಂಬ ಸಾಲನ್ನು ಬರೆಯಬೇಕಾದ ಕೆಲಸವೇ ಇರಲಿಲ್ಲ. ಅದು ನಮ್ಮ ಕಂಪ್ಯೂಟರಿನಲ್ಲಿ ವರ್ಷಗಳಿಂದ ಕೂತಿದೆ. ನಾವು ಹೆಸರು ಬದಲಿಸುತ್ತೇವೆ ಅಷ್ಟೆ.

ಕೊನೆಗೆ ನನ್ನ ಗುಮಾಸ್ತರು ಸಹಿ ಹಾಕಿಸಿದರು. ನನ್ನ ಸೀನಿಯರ್ ಕಾಲದಿಂದಲೂ ಇರುವ ಹಿರಿಯರು. "ಇಲ್ಲೊಂದು ಹಾಕವ್ವಾ, ಇಲ್ಲೊಂದು. ಈ ಖಾಲಿ ಹಾಳಿಗೂ ಹಾಕಿಬಿಡು. ಮತ್ತ ಊರಿಂದ ಬಸ್ ಹತ್ತಿ ಬರೋದು ತಪ್ತೈತೆ" ಎಂದರು. ಎರಡು ಖಾಲಿ ವಕಾಲತ್ತು ಫಾರಂ, ಮೂರು ಬಿಳಿ ಹಾಳೆ. ಹಳ್ಳಿಯಿಂದ ಬರುವ ಕಕ್ಷಿದಾರರ ಹತ್ತಿರ ಹೀಗೆ ಮುಂಗಡ ಸಹಿ ತೆಗೆದುಕೊಂಡಿಡುವುದು ನಮ್ಮ ರೂಢಿ. ಯಾವತ್ತೋ ಒಂದು ಮೆಮೊ ಹಾಕಬೇಕಾದಾಗ ಅನುಕೂಲ. ನಾನು ಇದನ್ನು ತಪ್ಪು ಅಂದುಕೊಂಡಿರಲೇ ಇಲ್ಲ. ಉಪಕಾರ ಅಂದುಕೊಂಡಿದ್ದೆ.

ಫೋನು ಮಾಡಿದ ಹುಡುಗಿ, ದಾವಣಗೆರೆಗೆ ಬರಲು ಆಗುವುದಿಲ್ಲ ಎಂದಳು. ತಿಂಗಳಿಗೊಮ್ಮೆ ಹರಿಹರದ ಸರ್ಕಾರಿ ಆಸ್ಪತ್ರೆಗೆ ಮಾತ್ರೆ ತೆಗೆದುಕೊಳ್ಳಲು ಒಬ್ಬಳೇ ಬರುತ್ತಾಳಂತೆ. ಆ ವಾರ ನನಗೂ ಹರಿಹರ ಕೋರ್ಟಿನಲ್ಲಿ ಬೇರೆ ಕೇಸಿತ್ತು. ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಅವಳು ಔಷಧಿ ಕೊಡುವ ಕಿಂಡಿಯ ಮುಂದೆ ಸಾಲಿನಲ್ಲಿದ್ದಳು. ಇಬ್ಬರೂ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತೆವು.

"ಯಾವುದಕ್ಕಮ್ಮಾ ಮಾತ್ರೆ?"

"ಫಿಟ್ಸ್ ರೀ. ಮಗಳು ಹುಟ್ಟಿದ ಮ್ಯಾಲೆ ಎರಡು ಸಲ ಬಂತು. ಮಾತ್ರೆ ನುಂಗಾಕ ಹತ್ತಿದ ಮ್ಯಾಲೆ ಬಂದಿಲ್ಲ."

ಮದುವೆಗೆ ಮುಂಚೆ ಬಂದಿರಲೇ ಇಲ್ಲ ಎಂದಳು. ಆದರೂ ಗಂಡನ ಅಣ್ಣ, ರೋಗ ಮುಚ್ಚಿಟ್ಟು ಹೆಣ್ಣು ಕೊಟ್ಟಿರಿ ಎಂದು ಜಗಳ ತೆಗೆದನಂತೆ. ಒಂದು ದಿನ ಮಗುವನ್ನು ಒಳಗೆ ಕೂರಿಸಿಕೊಂಡು ಇವಳ ಬ್ಯಾಗನ್ನು ಬಾಗಿಲಾಚೆ ಇಟ್ಟರಂತೆ.

"ಯಾವಾಗ?"

"ನಿಮ್ಮ ಆಫೀಸಿಗೆ ಬರೋ ಹದಿನೈದು ದಿನ ಮುಂಚೆ ರೀ."

"ಏನು? ಒಂದು ವರ್ಷದಿಂದ ಬೇರೆ ಇದ್ದೀರಿ ಅಂದರಲ್ಲ ನಿನ್ನ ಸೋದರಮಾವ!"

ಅವಳು ಪ್ಲಾಸ್ಟಿಕ್ ಚೀಲದಿಂದ, ಆಸ್ಪತ್ರೆಯವರು ಮಗುವಿನ ಲಸಿಕೆ ಬರೆದಿಡುವ ತಾಯಿ ಕಾರ್ಡು ತೆಗೆದಳು. ಅರ್ಜಿ ಹಾಕುವುದಕ್ಕೆ ಎರಡು ತಿಂಗಳ ಮುಂಚೆ ವಿನೋಬನಗರದ ಗಂಡನ ಮನೆಯಿಂದಲೇ ಮಗುವಿಗೆ ವಿಟಮಿನ್ ಎ ಹನಿ ಹಾಕಿಸಲು ಹೋಗಿದ್ದಳು. ದಿನಾಂಕ, ವಿಳಾಸ ಎರಡೂ ಇದ್ದವು. ನನ್ನ ಆಫೀಸಿನಿಂದ ಎರಡು ಬೀದಿ ಆಚೆ. ಕೋರ್ಟಿಗೆ ನಾನು ಸುಳ್ಳು ಬರೆದುಕೊಟ್ಟಿದ್ದೆ, ಅದೂ ನೀಟಾಗಿ ಪ್ಯಾರಾ ನಂಬರು ಹಾಕಿ.

"ಮತ್ತೆ ಸಹಿ ಯಾಕೆ ಹಾಕಿದೆ?" ಎಂದು ರೇಗಿದೆ. ರೇಗಬೇಕಾದದ್ದು ಅವಳ ಮೇಲಲ್ಲ ಎಂದು ಗೊತ್ತಿದ್ದೂ ರೇಗಿದೆ.

"ಸೈನ್ ಮಾಡಿದ್ರೆ ಭಾನುವಾರ ಭಾನುವಾರ ಮಗಳನ್ನ ತೋರಸ್ತೀವಿ ಅಂದ್ರು ರೀ. ಮಾಡ್ಲಿಲ್ಲಾಂದ್ರೆ ಫಿಟ್ಸ್ ವಿಷಯ ಊರ್ ತುಂಬ ಹೇಳ್ತೀವಿ, ನಿನ್ನ ತಂಗೀನ ಯಾರ್ ಮಾಡ್ಕಂತಾರ ನೋಡ್ತೀವಿ ಅಂದ್ರು. ಮಾವ ಹೆದರಿಬಿಟ್ರು."

"ತೋರಿಸ್ತಾರಾ ಮಗುವನ್ನ?"

"ಎರಡು ಭಾನುವಾರ ತೋರ್ಸಿದ್ರು. ಗೇಟಿನ ಆಚಿಂದ."

ಮಗುವಿಗೆ ಮೂರು ವರ್ಷ. ಗೇಟಿನ ಸರಳು ಹಿಡಿದು ನಿಂತುಕೊಳ್ಳುತ್ತಿತ್ತಂತೆ. ಇದನ್ನು ಹೇಳುವಾಗಲೂ ಅವಳು ಅಳಲಿಲ್ಲ.

ನನಗೆ ಗೊತ್ತಿದ್ದದ್ದನ್ನೆಲ್ಲ ಆ ಬೆಂಚಿನ ಮೇಲೆ ಕೂತು ಹೇಳಿದೆ. ಒಪ್ಪಿಗೆಯ ಅರ್ಜಿ ಹಾಕಿದ ಕೂಡಲೇ ಮದುವೆ ಮುರಿಯುವುದಿಲ್ಲ. ಆರು ತಿಂಗಳು ಕಾಯಬೇಕು. ಆಮೇಲೆ ನ್ಯಾಯಾಧೀಶರು ಇಬ್ಬರನ್ನೂ ಕೇಳುತ್ತಾರೆ. ತೀರ್ಪು ಬರೆಯುವ ಕ್ಷಣದವರೆಗೂ ಇಬ್ಬರಲ್ಲಿ ಒಬ್ಬರು ಬೇಡ ಎಂದರೆ ಸಾಕು, ಆ ಅರ್ಜಿ ನಿಲ್ಲುವುದಿಲ್ಲ. ಇನ್ನೊಬ್ಬರ ಅನುಮತಿ ಬೇಕಿಲ್ಲ. ಗಂಡನಿಗೆ ವಿಚ್ಛೇದನ ಬೇಕೇ ಬೇಕಾದರೆ ಬೇರೆ ಕೇಸು ಹಾಕಿ ಕಾರಣ ಸಾಬೀತು ಮಾಡಬೇಕು. ಫಿಟ್ಸ್ ಕಾರಣವೇ ಅಲ್ಲ. ಒಂದು ಕಾಲದಲ್ಲಿ ಮದುವೆ ಕಾನೂನಿನಲ್ಲಿ ಅದರ ಹೆಸರಿತ್ತು, ತೆಗೆದುಹಾಕಿ ಎಷ್ಟೋ ವರ್ಷವಾಯಿತು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು. ಗಂಡನ ಮನೆಯಿಂದ ಹೊರಗೆ ಹಾಕಿದ್ದಕ್ಕೆ, ಮಗುವನ್ನು ಹಿಡಿದಿಟ್ಟಿದ್ದಕ್ಕೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಅರ್ಜಿ ಹಾಕಬಹುದು. ಆ ಮನೆಯಲ್ಲಿ ವಾಸಿಸಲು, ಮಗುವನ್ನು ಕೊಡಿಸಲು ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು.

ಅವಳು ಎಲ್ಲ ಕೇಳಿಸಿಕೊಂಡು, "ಇದನ್ನ ಅವತ್ತೇ ಹೇಳಿದ್ರೆ ಚಲೋ ಇತ್ತು ರೀ" ಎಂದಳು. ಕುಟುಕುವ ದನಿಯಲ್ಲ. ಇದ್ದದ್ದನ್ನು ಹೇಳಿದಳು.

ನಾನು ಇಬ್ಬರಿಗೂ ವಕಾಲತ್ತು ಹಾಕಿದವಳು. ಈಗ ಒಬ್ಬರ ಪರ ನಿಂತು ಇನ್ನೊಬ್ಬರ ಮೇಲೆ ಕೇಸು ನಡೆಸುವಂತಿರಲಿಲ್ಲ. ಅವಳನ್ನು ಅಲ್ಲಿಂದಲೇ ಹರಿಹರ ಕೋರ್ಟಿನ ಉಚಿತ ಕಾನೂನು ನೆರವಿನ ಕಚೇರಿಗೆ ಕರೆದುಕೊಂಡು ಹೋದೆ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರನ್ನು ಕೊಡಲು ಆದಾಯ ಕೇಳುವುದಿಲ್ಲ. ಒಬ್ಬ ಚುರುಕಾದ ವಕೀಲೆಯನ್ನು ಅವಳಿಗೆ ನೇಮಿಸಿದರು. ಬಿಡುವಾಗ ಹುಡುಗಿಗೆ ಹೇಳಿದೆ: "ಕೋರ್ಟಲ್ಲಿ ಕೇಳಿದಾಗ ನಿಜ ಹೇಳು. ಯಾರ ಮುಖಾನೂ ನೋಡಬ್ಯಾಡ. ಗಂಡಂದಾಗಲಿ, ಮಾವಂದಾಗಲಿ, ಯಾರದಾದ್ರೂ ಆಗಲಿ."

ತಲೆಯಾಡಿಸಿದಳು.

ದಾವಣಗೆರೆಗೆ ವಾಪಸಾಗಿ ಮಾಡಿದ ಮೊದಲ ಕೆಲಸ ಫೈಲು ತೆಗೆದು ಆ ಖಾಲಿ ಹಾಳೆಗಳನ್ನು ನೋಡಿದ್ದು. ಒಂದು ವಕಾಲತ್ತು, ಎರಡು ಬಿಳಿ ಹಾಳೆ. ಇನ್ನೊಮ್ಮೆ ಎಣಿಸಿದೆ. ಮೂರೇ. ಐದು ಇರಬೇಕಿತ್ತು.

"ಗುಮಾಸ್ತರೇ, ಉಳಿದವು ಎಲ್ಲಿ?"

ಅವರು ಕನ್ನಡಕ ಸರಿ ಮಾಡಿಕೊಂಡರು. "ಆ ಗೊಬ್ಬರದಂಗಡಿ ಯಜಮಾನ್ರು ಬಂದಿದ್ರು ಮೇಡಂ, ಹೋದ ವಾರ. ಏನೋ ಅರ್ಜೆಂಟ್ ಮೆಮೊ ಅಂದ್ರು. ನೀವು ಕೋರ್ಟಲ್ಲಿದ್ರಿ. ನಮ್ಮೋರೇ ಅಲ್ಲೇನು ಅಂತ ಕೊಟ್ಟೆ. ಬಾಳ ಒಳ್ಳೆ ಮನುಷ್ಯ, ಮಂಡಕ್ಕಿ ಮೆಣಸಿನಕಾಯಿ ಬ್ಯಾರೆ ತಂದಿದ್ರು. ನಿಮಗೂ ಎತ್ತಿಟ್ಟಿದ್ದೆ, ತಿಂದ್ರಲ್ಲ."

ತಿಂದಿದ್ದೆ! ಮೆಣಸಿನಕಾಯಿ ಬಜ್ಜಿ ಬಿಸಿ ಇಲ್ಲ ಎಂದು ಗೊಣಗುತ್ತಾ ತಿಂದಿದ್ದೆ. ಕಕ್ಷಿದಾರರ ಕುರ್ಚಿಯಲ್ಲೇ ಕೂತುಬಿಟ್ಟೆ. ಆ ಹುಡುಗಿಯ ಸಹಿ ಇರುವ ವಕಾಲತ್ತು ಕೈಯಲ್ಲಿದ್ದರೆ ಅವಳ ಹೆಸರಿನಲ್ಲಿ ಹೊಸ ವಕೀಲರನ್ನು ನಿಲ್ಲಿಸಬಹುದು. ಸಹಿ ಇರುವ ಬಿಳಿ ಹಾಳೆಯ ಮೇಲೆ ಏನು ಬೇಕಾದರೂ ಟೈಪು ಮಾಡಿಸಬಹುದು. ಅಯ್ಯೋ, ಎಂಥ ಅನಾಹುತ ಮಾಡಿಬಿಟ್ಟೆವು! ಗುಮಾಸ್ತರ ಮೇಲೆ ಕೂಗಾಡಿದೆ. ಅವರು, "ಎಷ್ಟು ವರ್ಷದಿಂದ ಹಿಂಗೇ ಮಾಡ್ಕಂತ ಬಂದೀವಲ್ಲ ಮೇಡಂ" ಎಂದರು.

ಗಂಡನ ಅಣ್ಣನಿಗೆ ಫೋನು ಮಾಡಿದೆ. ಸಂಜೆ ಅವನೇ ಬಂದ. ಆ ಹಾಳೆಗಳನ್ನು ವಾಪಸು ಕೊಡಿ ಎಂದೆ.

"ಯಾವ ಹಾಳಿ ಮೇಡಂ?" ಎಂದು ನಕ್ಕ. ನಾನು ಬಿಡದಿದ್ದಾಗ ಕುರ್ಚಿ ಮುಂದಕ್ಕೆ ಎಳೆದುಕೊಂಡ. "ನೋಡ್ರಿ, ಖಾಲಿ ಹಾಳಿ ಮ್ಯಾಲೆ ಸೈನ್ ತಗಂಡೋರು ನೀವು. ನಿಮ್ಮ ಆಫೀಸು, ನಿಮ್ಮ ಗುಮಾಸ್ತ. ನಾಳೆ ಇದು ದೊಡ್ಡದಾದ್ರೆ ಯಾರ ಲೈಸೆನ್ಸ್ ಹೋಗ್ತೈತೆ? ನನ್ನ ಗೊಬ್ಬರದಂಗಡೀದಂತೂ ಅಲ್ಲ. ಸುಮ್ನಿದ್ರೆ ನಿಮಗೂ ಚಲೋ, ನಮಗೂ ಚಲೋ."

ಇಪ್ಪತ್ತು ವರ್ಷ ವಕಾಲತ್ತು ಮಾಡಿದ ನನ್ನನ್ನು ನನ್ನ ಮೇಜಿನ ಮುಂದೆಯೇ ಕೂತು ಹೆದರಿಸಿದ. ಹೆದರಿದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಹೆದರಿದೆ.

ಮರುದಿನ ಬಾರ್ ರೂಮಿನಲ್ಲಿ ಹಿರಿಯ ಸ್ನೇಹಿತರೊಬ್ಬರಿಗೆ ಮೆಲ್ಲಗೆ ಹೇಳಿದೆ. ಅವರು, "ಕೇಸಿಂದ ನಿವೃತ್ತಿ ಆಗಿಬಿಡು. ಕಾರಣ ಬರೀಬ್ಯಾಡ. ಖಾಲಿ ಹಾಳಿ ಅಂತ ನೀನೇ ಬರಕೊಟ್ರೆ ಬಾರ್ ಕೌನ್ಸಿಲ್ ತಂಕ ಹೋಗ್ತೈತೆ" ಎಂದರು. ನಾನು ಇಬ್ಬರ ವಕಾಲತ್ತಿನಿಂದಲೂ ನಿವೃತ್ತಿ ಮೆಮೊ ತಯಾರಿಸಿದೆ. ಇಬ್ಬರಿಗೂ ನೋಟಿಸು ಕಳಿಸಿದೆ. ಕಾರಣದ ಜಾಗದಲ್ಲಿ "ವೈಯಕ್ತಿಕ" ಎಂದು ಬರೆದೆ. ಉಳಿದಿದ್ದ ಮೂರು ಹಾಳೆಗಳನ್ನು ಕಾನೂನು ನೆರವಿನ ಕಚೇರಿಯಲ್ಲಿ ಹುಡುಗಿಯ ಕೈಗೇ ಕೊಟ್ಟೆ. ಅವಳು ಒಂದೊಂದಾಗಿ ಹರಿದು ಚೂರುಗಳನ್ನು ಚೀಲಕ್ಕೆ ಹಾಕಿಕೊಂಡಳು. ಅಲ್ಲಿ ಬಿಸಾಡಲು ನಂಬಿಕೆ ಬರಲಿಲ್ಲ ಅನಿಸುತ್ತದೆ.

"ಎರಡು ಅವರ ಹತ್ತಿರ ಇವೆ" ಎಂದು ಅವಳಿಗೂ ಅವಳ ವಕೀಲೆಗೂ ಹೇಳಿದೆ. ವಕೀಲೆ ನೇರವಾಗಿ ಕೇಳಿದರು: "ಮೇಡಂ, ಇದನ್ನ ಒಂದು ಪ್ರಮಾಣಪತ್ರದಲ್ಲಿ ಬರೆದುಕೊಡ್ತೀರಾ?"

"ನೋಡೋಣ" ಎಂದೆ. ಇಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ.

ಎರಡು ವಾರದೊಳಗೆ ನಾನು ಅಂಜಿದ್ದೇ ಆಯಿತು. ಕೌಟುಂಬಿಕ ನ್ಯಾಯಾಲಯದಲ್ಲಿ ಹೊಸ ವಕೀಲರೊಬ್ಬರು ಇಬ್ಬರ ಪರವಾಗಿಯೂ ವಕಾಲತ್ತು ಹಾಕಿದರು. ಜೊತೆಗೊಂದು ಅರ್ಜಿ: ನಾವಿಬ್ಬರೂ ಬಹುಕಾಲದಿಂದ ಬೇರೆ ಇದ್ದೇವೆ, ಕೂಡಿ ಬಾಳುವ ಆಸೆ ಉಳಿದಿಲ್ಲ, ಉಳಿದ ಕಾಯುವ ಅವಧಿಯನ್ನು ಮನ್ನಾ ಮಾಡಿ ಬೇಗ ಡಿಕ್ರಿ ಕೊಡಬೇಕು. ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಕೆಳಗೆ ಎರಡು ಸಹಿ. ಒಂದು ಆ ಹುಡುಗಿಯದು, ದುಂಡಗಿನ ಶಾಲೆಯ ಅಕ್ಷರ. ಸಹಿ ಹಾಳೆಯ ಮಧ್ಯದಲ್ಲಿದ್ದ ಕಾರಣ ಅದರ ಮೇಲಿನ ಸಾಲುಗಳನ್ನು ಒತ್ತೊತ್ತಾಗಿ ಟೈಪು ಮಾಡಿದ್ದರು. ಹುಡುಗಿಯ ವಕೀಲೆ ಅದರ ಫೋಟೋ ತಂದು ತೋರಿಸಿದರು. ಆ ಹಾಳೆ ನನ್ನ ಆಫೀಸಿನದೇ. ಅಂಚಿನಲ್ಲಿ ನಾವು ಹಾಕಿಸುವ ಹಸಿರು ಗೆರೆ ಇತ್ತು.

ವಿಚಾರಣೆಯ ದಿನ ನನಗೆ ಆ ಕೋರ್ಟಿನಲ್ಲಿ ನಿವೃತ್ತಿ ಮೆಮೊ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಮೆಮೊ ಕೊಟ್ಟು ಹೊರಡಬಹುದಿತ್ತು. ಹೊರಡಲಾಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತೆ.

ಕೇಸು ಕರೆದರು. ಗಂಡ ಮುಂದೆ ಬಂದ. ಅವನ ಹಿಂದೆ ಅವನ ಅಣ್ಣ. ಹುಡುಗಿ ತನ್ನ ವಕೀಲೆಯ ಜೊತೆ ಬಂದಳು. ಅವಳ ಹಿಂದೆ ಸೋದರಮಾವ. ನ್ಯಾಯಾಧೀಶರು ಅರ್ಜಿ ಓದಿ ತಲೆಯೆತ್ತಿದರು.

"ನಿಮಗೆ ವಿಚ್ಛೇದನಕ್ಕೆ ಒಪ್ಪಿಗೆ ಇದೆಯೇನಮ್ಮಾ?"

"ಐತ್ರಿ ಸ್ವಾಮಿ" ಎಂದ ಸೋದರಮಾವ.

"ನಾನು ಅವರನ್ನ ಕೇಳಿದ್ದು. ನೀವು ಹೊರಗೆ ಹೋಗಿ. ನೀವೂ" ಎಂದು ಗಂಡನ ಅಣ್ಣನಿಗೂ ಬಾಗಿಲು ತೋರಿಸಿದರು. ಮಾವ ಹೋಗುತ್ತಾ ಹುಡುಗಿಯ ಮುಖ ನೋಡಿದ. ಪಾಪ, ಅವನ ಕಣ್ಣಲ್ಲಿ ಗದರಿಕೆ ಇರಲಿಲ್ಲ, ಬೇಡಿಕೊಳ್ಳುತ್ತಿದ್ದ. ಮನೆಯಲ್ಲಿ ಇನ್ನೊಬ್ಬಳು ಮದುವೆಗೆ ಇದ್ದಳು. ಹುಡುಗಿ ಅವನತ್ತ ನೋಡಲಿಲ್ಲ.

ನ್ಯಾಯಾಧೀಶರು ಮತ್ತೆ ಕೇಳಿದರು. ಅವಳು ಸೆರಗು ಸರಿಪಡಿಸಿಕೊಂಡಳು.

"ಬ್ಯಾಡ್ರಿ. ನನಗ ಡೈವೋರ್ಸ್ ಬ್ಯಾಡ. ಅವತ್ತೂ ಬ್ಯಾಡಾಗಿತ್ತು. ನನ್ನ ಮಗಳನ್ನ ಇಟ್ಕಂಡು ಸೈನ್ ಹಾಕ್ಸಿದ್ರು."

ಹೊಸ ವಕೀಲರು ಎದ್ದರು. ಒಪ್ಪಿಗೆಯಿಲ್ಲದಿದ್ದರೆ ಈ ಅರ್ಜಿಗೆ ಸಹಿ ಯಾಕೆ ಹಾಕಿದರು ಎಂದರು. ನ್ಯಾಯಾಧೀಶರು ಹಾಳೆಯನ್ನು ಅವಳಿಗೆ ತೋರಿಸಿದರು.

"ಈ ಸಹಿ ನಿಮ್ಮದಾ?"

"ಸೈನ್ ನಂದೇ ರೀ. ಬರದಿದ್ದು ನಂದಲ್ಲ. ನಾನು ಹಾಕಿದಾಗ ಹಾಳಿ ಖಾಲಿ ಇತ್ತು."

"ಖಾಲಿ ಹಾಳೆಗೆ ಸಹಿ ಹಾಕಿಸಿದ್ದು ಯಾರು?"

ಗಂಡನ ಕಡೆಯವರು ಎನ್ನುತ್ತಾಳೆ ಅಂದುಕೊಂಡೆ. ಹಾಗನ್ನಲಿ ಎಂದು ಬಯಸಿದೆ ಕೂಡ. ಹುಡುಗಿ ತಿರುಗಿದಳು. ಅವಳ ಕಣ್ಣು ಬೆಂಚುಗಳ ಮೇಲಿನ ಒಂದೊಂದೇ ಮುಖ ದಾಟಿ ನನ್ನಲ್ಲಿಗೆ ಬಂದು ನಿಂತಿತು. ಕೈ ಎತ್ತಿ ತೋರಿಸಿದಳು.

"ಅಲ್ಲಿ ಕುಂತಾರಲ್ಲ ರೀ, ಆ ಮೇಡಂ ಆಫೀಸಲ್ಲಿ. ಅವ್ರೂ ಅಲ್ಲೇ ಇದ್ರು."

ಇಡೀ ಹಾಲು ನನ್ನತ್ತ ತಿರುಗಿತು. ಎಷ್ಟೋ ಸಾಕ್ಷಿಗಳಿಗೆ ನಾನು ಪಾಟೀಸವಾಲಿನಲ್ಲಿ ಬೆವರಿಳಿಸಿದ್ದೇನೆ. ಆ ಕ್ಷಣ ನನ್ನ ಬೆನ್ನ ಮೇಲೆ ಬೆವರಿಳಿಯಿತು. ನೆನಪಿಲ್ಲ ಎನ್ನಬಹುದಿತ್ತು. ಗುಮಾಸ್ತರ ಕೆಲಸ ಎನ್ನಬಹುದಿತ್ತು. ಎರಡೂ ವಾಕ್ಯ ನಾಲಿಗೆ ತುದಿಗೆ ಬಂದವು, ನಿಜ. ಅವಳು ಕೈ ಇಳಿಸಿರಲಿಲ್ಲ.

ಎದ್ದು ನಿಂತೆ.

"ಹೌದು ಸ್ವಾಮಿ. ಐದು ಹಾಳೆ ತೆಗೆದುಕೊಂಡಿದ್ದೆವು. ಅದರಲ್ಲಿ ಎರಡು ಈಕೆಗೆ ಗೊತ್ತಿಲ್ಲದೆ ಗಂಡನ ಅಣ್ಣನ ಕೈಗೆ ಹೋದವು. ಒಂದು ವಕಾಲತ್ತು, ಒಂದು ಇದೇ ಹಾಳೆ. ಒಂದು ವರ್ಷದಿಂದ ಬೇರೆ ಇದ್ದಾರೆ ಎಂದು ಅರ್ಜಿಯಲ್ಲಿ ಬರೆದದ್ದೂ ಈಕೆಯನ್ನು ಕೇಳಿ ಬರೆದದ್ದಲ್ಲ."

"ನಿಮ್ಮ ಮೆಮೊದಲ್ಲಿ ವೈಯಕ್ತಿಕ ಕಾರಣ ಎಂದಿದೆಯಲ್ಲ."

"ಹೆದರಿ ಬರೆದೆ ಸ್ವಾಮಿ."

ನ್ಯಾಯಾಧೀಶರು, ಹೇಳಿದ್ದನ್ನು ಸಂಜೆಯೊಳಗೆ ಬರವಣಿಗೆಯಲ್ಲಿ ಕೊಡಬೇಕೆಂದರು. ಆಮೇಲೆ ಗಂಡನನ್ನು ಕೇಳಿದರು, ಅವನಿಗೇನು ಹೇಳುವುದಿದೆ ಎಂದು. ಅವನು ಬಾಗಿಲ ಕಡೆ ನೋಡಿದ. ಅಣ್ಣ ಹೊರಗಿದ್ದ. "ಏನಿಲ್ರಿ" ಎಂದ. ನಾನು ಅವನ ದನಿ ಕೇಳಿದ್ದೂ ಅಂದೇ ಮೊದಲು. ಒಪ್ಪಿಗೆ ಹಿಂಪಡೆದದ್ದನ್ನು ದಾಖಲಿಸಿ ಅರ್ಜಿಯನ್ನು ವಜಾ ಮಾಡಿದರು.

ಕಾರಿಡಾರಿನಲ್ಲಿ ಹುಡುಗಿ ನನಗಾಗಿ ಕಾದಿದ್ದಳು. ಅವಳ ಮುಖ ನೋಡಲು ನನಗೆ ನಾಚಿಕೆ, ಸ್ವಲ್ಪ ಸಿಟ್ಟೂ ಇತ್ತು. ಇದ್ದದ್ದನ್ನು ಮುಚ್ಚಿಡುವುದಿಲ್ಲ.

"ಬ್ಯಾಸರಾತೇನ್ರಿ ಮೇಡಂ?"

"ಆಯಿತು" ಎಂದೆ.

"ಯಾರ ಮುಖಾನೂ ನೋಡಬ್ಯಾಡ ಅಂದಿದ್ರಿ" ಎಂದಳು. ಕ್ಷಮೆ ಕೇಳಲಿಲ್ಲ. ಕೇಳಬೇಕಾದವಳು ಅವಳಲ್ಲ. ನಾನು ಕೇಳಿದೆ. ಅವಳು ಸುಮ್ಮನೆ ನನ್ನ ಕೈ ಹಿಡಿದು ಬಿಟ್ಟಳು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟಳು.

ಗಂಡನ ಅಣ್ಣ ಬಾರ್ ಕೌನ್ಸಿಲಿಗೆ ನನ್ನ ಮೇಲೆ ದೂರು ಕೊಟ್ಟಿದ್ದಾನೆ. ಖಾಲಿ ಹಾಳೆಗೆ ಸಹಿ ಪಡೆದ ವಕೀಲೆ ಎಂದು. ಅವನು ಬರೆದದ್ದರಲ್ಲಿ ಅದೊಂದು ಸತ್ಯ, ನಾನು ಅಲ್ಲಗಳೆದಿಲ್ಲ. ವಿಚಾರಣೆ ನಡೆಯುತ್ತಿದೆ. ಗುಮಾಸ್ತರೂ ನಾನೂ ಒಂದು ಶನಿವಾರವಿಡೀ ಕೂತು ಆಫೀಸಿನ ಹಳೆಯ ಫೈಲುಗಳಿಂದ ಸಹಿ ಇದ್ದ ಖಾಲಿ ಹಾಳೆಗಳನ್ನೆಲ್ಲ ತೆಗೆದೆವು. ಒಂದು ಗೊಬ್ಬರದ ಚೀಲ ತುಂಬಿತು. ಅಷ್ಟೂ ಜನ ನನ್ನನ್ನು ನಂಬಿ ಹಾಕಿದ್ದರು.

ಅವಳ ವಕೀಲೆ ಹಾಕಿದ್ದ ಕೌಟುಂಬಿಕ ದೌರ್ಜನ್ಯದ ಅರ್ಜಿಗೆ ಮ್ಯಾಜಿಸ್ಟ್ರೇಟರ ಮಧ್ಯಂತರ ಆದೇಶ ಬಂದದ್ದು ಅದಾಗಿ ಕೆಲವು ವಾರಕ್ಕೆ. ನನಗೆ ಯಾರೂ ತಿಳಿಸಬೇಕಾಗಿರಲಿಲ್ಲ, ನಾನು ಆ ಕೇಸಿನಲ್ಲಿ ಏನೂ ಅಲ್ಲ. ಮಧ್ಯಾಹ್ನ ಫೋನು ಬಂತು. ನಂಬರು ಬೇರೆ.

"ಮೇಡಂ" ಎಂದಳು.

ಯಾರು ಎಂದು ಕೇಳಲಿಲ್ಲ.

"ಮಗಳನ್ನ ಕೊಟ್ರು ರೀ. ಕೋರ್ಟಿನ ಆರ್ಡರ್ ಹಿಡಕಂಡು ರಕ್ಷಣಾಧಿಕಾರಿಗಳು ಜೊತಿಗೆ ಬಂದಿದ್ರು. ಗಂಡನ ಮನಿ ಒಳಗ ಅದೀವಿ." ಹಿಂದೆ ಮಗು ಜೋರಾಗಿ ಅಳುತ್ತಿತ್ತು. "ಗೇಟು ಹಾಕಬ್ಯಾಡ ಅಂತ ಹಟ ಮಾಡಾಕ ಹತ್ಯಾಳ್ರಿ" ಎಂದಳು, ಮತ್ತು ಆರು ತಿಂಗಳಲ್ಲಿ ಮೊದಲ ಸಲ ಅವಳು ಅಳುವುದು ನನಗೆ ಕೇಳಿಸಿತು.